ಪ್ಯಾರಾಚೂಟಿಗೆ ಹೋದ ರೇಷ್ಮೆ

ಬ್ರಿಟಿಷ್ ಸೈನ್ಯದ ಹಳೆಯ ಉಡುಪುಗಳನ್ನು ಕೂಡಿಡುವ ಹವ್ಯಾಸಿಗಳು ಕೋಟಿನ ಒಳಬದಿಯನ್ನೇ ಮೊದಲು ನೋಡುತ್ತಾರೆ. ಅಲ್ಲಿ ಬಾಣದ ಗುರುತಿದ್ದರೆ ಅದು ಸರ್ಕಾರದ ಸೊತ್ತು. ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯವರಿಗೆ ಕೋಟಿಗಿಂತಲೂ ಹತ್ತಿರದ ವಸ್ತುವೊಂದು ಈ ಸಂಗ್ರಹಗಳಲ್ಲಿ ಸೇರಿರುತ್ತದೆ. ಅದು ಪ್ಯಾರಾಚೂಟಿನ ರೇಷ್ಮೆ.

1941ರಲ್ಲಿ ಜಪಾನಿನ ರೇಷ್ಮೆ ಬರುವುದು ನಿಂತಿತು. ನೈಲಾನು ಇನ್ನೂ ಹೊಸದು. ಆಗ ಮೈಸೂರು ಸಂಸ್ಥಾನದ ನೂಲನ್ನು ಯುದ್ಧದ ಕೆಲಸಕ್ಕೆ ಕೊಳ್ಳತೊಡಗಿದರು. ಚರಕದ ನೂಲು ಒಂದೇ ಸಮನಾಗಿರುವುದಿಲ್ಲ. ಪ್ಯಾರಾಚೂಟಿಗಾದರೋ ಗಂಟಿಲ್ಲದ ಎಳೆಯೇ ಬೇಕು. ಆದಕಾರಣ ಯಂತ್ರದಿಂದ ನೂಲು ಬಿಚ್ಚುವ ಫಿಲೇಚರುಗಳು ಸಂಸ್ಥಾನದಲ್ಲಿ ಹೆಚ್ಚಿದವು. ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದ ಚಾಮರಾಜನಗರದ ಸೀಮೆಗೂ ದೂರದ ಯುದ್ಧಕ್ಕೂ ಹೀಗೆ ನಂಟು ಬೆಳೆಯಿತು.

1945ರಲ್ಲಿ ಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರವಿತ್ತು. ಹೆಂಗಸರು ಮಿಕ್ಕ ಪ್ಯಾರಾಚೂಟುಗಳನ್ನು ಬಿಚ್ಚಿ ಮದುವೆಯ ಉಡುಪು ಹೊಲಿದುಕೊಂಡರು. ಅಂಥವು ಈಗ ಅಲ್ಲಿನ ವಸ್ತುಸಂಗ್ರಹಾಲಯಗಳಲ್ಲಿವೆ. (ಎಳೆಯೊಂದನ್ನು ಸುಟ್ಟು ನೋಡಬೇಕು: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ನೈಲಾನಾದರೆ ಕರಗಿ ಗುಂಡಾಗುತ್ತದೆ.) ಕೋಟಿನ ಚೀಟಿಯಲ್ಲಿ ತಯಾರಕನ ಹೆಸರೂ ವರ್ಷವೂ ಸಿಗುತ್ತವೆ, ಗೂಡು ಬೆಳೆದ ಊರು ಯಾವುದೆಂದು ಈ ಬಟ್ಟೆಯ ಮೇಲೆ ಯಾರೂ ಬರೆದಿಲ್ಲ.

ಸೈನ್ಯದ ಖರೀದಿ ನಿಂತೊಡನೆ ಇಲ್ಲಿಯ ರೇಷ್ಮೆ ಕಸುಬು ಇಕ್ಕಟ್ಟಿಗೆ ಸಿಕ್ಕಿತು. ಕೇಂದ್ರ ರೇಷ್ಮೆ ಮಂಡಳಿ ಕೆಲಸಕ್ಕೆ ತೊಡಗಿದ್ದು 1949ರಲ್ಲಿ.