ಗೋಣಿಚೀಲದಲ್ಲಿ ಹೋದ ಬೆಕ್ಕು

ನಮ್ಮ ಕಡೆ ಆಕಳನ್ನು ಕೊಂಡು ತರುತ್ತಾರೆ, ಎತ್ತನ್ನು ಕೊಂಡು ತರುತ್ತಾರೆ. ಬೆಕ್ಕನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ. ಅದು ತಾನಾಗಿ ಬರುತ್ತದೆ. ಬೇಕೆನಿಸಿದರೆ ಎರಡು ತುತ್ತು ಹಾಕಿ ಇಟ್ಟುಕೊಳ್ಳುತ್ತೇವೆ. ಬೇಡವೆನಿಸಿದರೆ ಗೋಣಿಚೀಲದಲ್ಲಿ ಕಟ್ಟಿ ಊರ ಹೊರಗೆ ಬಿಟ್ಟು ಬರುತ್ತೇವೆ. ಈ ಎರಡನೆಯ ಕೆಲಸವನ್ನು ನಾನೂ ಒಮ್ಮೆ ಮಾಡಿಸಿದ್ದೇನೆ. ಬಹಳ ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ. ಈಗ ಹೇಳಬೇಕೆನಿಸಿದೆ.

ನನ್ನ ತವರು ನವಲಗುಂದ ತಾಲೂಕಿನ ಎರಿ ಭೂಮಿಯ ಒಂದು ಹಳ್ಳಿ. ಮಣ್ಣಿನ ಮಾಳಿಗೆಯ ಮನೆ. ಹಗೇವಿನಲ್ಲಿ ಜೋಳ, ನಡುಮನೆಯ ಮೂಲೆಯಲ್ಲಿ ಕಡಲೆಯ ಚೀಲ, ಸುಗ್ಗಿಯಲ್ಲಿ ಪಡಸಾಲೆಯ ತುಂಬ ಹತ್ತಿ. ಇಷ್ಟಿದ್ದ ಮೇಲೆ ಇಲಿ, ಹೆಗ್ಗಣಗಳು ಬರಲೇಬೇಕು. ಇಲಿ ಬಂದ ಮೇಲೆ ಬೆಕ್ಕು. “ಬೆಕ್ಕು ಇಲ್ಲದ ಮನಿಯಾಗ ಇಲಿನ ಗೌಡ” ಎನ್ನುತ್ತಿದ್ದಳು ನಮ್ಮ ಆಯಿ. ಹಾಲಿನ ಗಡಿಗೆಯನ್ನು ನೆಲುವಿಗೆ ತೂಗುಹಾಕುತ್ತಿದ್ದಳೇ ಹೊರತು ಬೆಕ್ಕಿನ ಮೇಲೆ ಕೋಲೆತ್ತಿದವಳಲ್ಲ. “ಕಾಣೂ ಹಂಗ ಇಟ್ಟವರು ನಾವು, ಕುಡಿದದ್ದು ಅದರ ತಪ್ಪೇನು?” ಎಂದು ನಮ್ಮನ್ನೇ ಕೇಳುತ್ತಿದ್ದಳು.

ಆಯಿ ಹೇಳುತ್ತಿದ್ದ ಈ ಇಲಿ, ಕಾಳು, ಬೆಕ್ಕಿನ ನಂಟು ಎಷ್ಟು ಹಳೆಯದೆಂದು ಮುಂದೆ ಓದಿ ತಿಳಿದುಕೊಂಡೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಗೋರಿಯಲ್ಲಿ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನೂ ಹೂಳಿದ್ದರೆಂದು 2004ರಲ್ಲಿ ಪ್ರಕಟವಾಯಿತು. ಇಂದಿನ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾ ಕಡೆಯ ಒಂದು ಕಾಡುಬೆಕ್ಕಿನ ಸಂತತಿ ಎಂದು 2007ರಲ್ಲಿ ಅವುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದವರು ತೋರಿಸಿದರು. ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಡತೊಡಗಿದಾಗ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಎತ್ತಿಗೆ ನಾವು ನೊಗ ಹೂಡಿದೆವು. ಬೆಕ್ಕಿಗೆ ಯಾರೂ ಏನೂ ಹೂಡಲಿಲ್ಲ. ಅದು ತನ್ನ ಕೆಲಸವನ್ನು ತಾನೇ ಹುಡುಕಿಕೊಂಡು ಬಂದು ನಮ್ಮ ಹೊಸ್ತಿಲಲ್ಲಿ ಕುಳಿತಿತು.

ಆ ಕೆಲಸದ ಬೆಲೆ ನಮ್ಮ ಜಿಲ್ಲೆಗೆ ತಿಳಿದದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಗೆ ಬಂದ ಆ ಬೇನೆ ಹುಬ್ಬಳ್ಳಿಯನ್ನೂ ಹಿಡಿಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಫ್‌ಕಿನ್ ಲಸಿಕೆ ಚುಚ್ಚಿದರು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ಫ್ರಾನ್ಸಿನ ವೈದ್ಯ ಸಿಮೊಂಡ್ ಕಂಡುಕೊಂಡದ್ದೂ ಅದೇ ವರ್ಷ, ಕರಾಚಿಯಲ್ಲಿ. ಹಳ್ಳಿಯವರಿಗೆ ಚಿಗಟದ ಸಂಗತಿ ಗೊತ್ತಿರಲಿಲ್ಲ. ಆದರೆ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಡಬೇಕೆಂಬುದು ಗೊತ್ತಿತ್ತು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದುದನ್ನು ಆಯಿ ತನ್ನ ಅತ್ತೆಯ ಬಾಯಿಂದ ಕೇಳಿದ್ದಳು. “ಎಲ್ಲಾರೂ ಹೋದರು, ಬೆಕ್ಕು ಮಾತ್ರ ಬಾಗಲಾ ಕಾಯ್ಕೋತ ಕುಂತಿತ್ತಂತ” ಎಂದು ಹೇಳುವಾಗ ಅವಳ ದನಿ ಸಣ್ಣದಾಗುತ್ತಿತ್ತು.

ಮುಂದೆ 1908ರ ಸುಮಾರಿಗೆ ಅಮರಾವತಿಯಲ್ಲಿದ್ದ ಬುಕನನ್ ಎಂಬ ಸರಕಾರಿ ವೈದ್ಯರು ಬೆಕ್ಕು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ ಎಂದು ಬರೆದು, ಮನೆಮನೆಗೂ ಬೆಕ್ಕು ಇರಲಿ ಎಂದು ವಾದಿಸಿದರು. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯರಿಗೂ ಬರಬಹುದು ಎಂಬುದು ಈಗ ತಿಳಿದಿರುವುದರಿಂದ ಅದು ಪೂರ್ತಿ ಪರಿಹಾರವಾಗಿರಲಿಲ್ಲ. ಆದರೂ ನಮ್ಮ ಆಯಿಯ ಲೆಕ್ಕ ಮತ್ತು ಆ ವೈದ್ಯರ ಲೆಕ್ಕ ಒಂದೇ ಆಗಿತ್ತಲ್ಲ ಎಂದು ನನಗೆ ಸಂತೋಷವಾಯಿತು.

ಇನ್ನು ನನ್ನ ಕಥೆ. 1986ರಲ್ಲಿ ನಾವು ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಾಗ ತವರಿನಿಂದ ಕೆಂಚ ಎಂಬ ಗಂಡುಬೆಕ್ಕನ್ನು ತಂದೆ. ಹಳ್ಳಿಯಲ್ಲಿ ಅದರಂಥ ಸಾಧು ಇರಲಿಲ್ಲ. ನನ್ನ ತಮ್ಮ ಮಲಗುತ್ತಿದ್ದ ಕಲಘಟಗಿಯ ಬಣ್ಣದ ತೊಟ್ಟಿಲು ಅಟ್ಟ ಸೇರಿದ ಮೇಲೆ ಅದರಲ್ಲೇ ಹುಟ್ಟಿದ ಮರಿ ಅದು. ಪೇಟೆಗೆ ಬಂದದ್ದೇ ತಡ, ಬೇರೆ ಬೆಕ್ಕೇ ಆಯಿತು. ರಾತ್ರಿಯಿಡೀ ಕೂಗು. ನವಲಗುಂದದ ಜಮಖಾನೆಯನ್ನು ಉಗುರಿನಿಂದ ಕಿತ್ತು ಎಳೆ ಎಳೆ ಮಾಡಿತು. ಅಲ್ಲಿಯ ಹೆಣ್ಣುಮಕ್ಕಳು ದಿನಗಟ್ಟಲೆ ಮಗ್ಗದ ಮುಂದೆ ಕುಳಿತು ನೇಯ್ದ ನವಿಲುಗಳ ಜಮಖಾನೆ ಅದು. ಕೊನೆಗೆ ಆಯಿ ಹೊಲಿದು ಕೊಟ್ಟ ಕೌದಿಯ ಮೇಲೆ ಉಚ್ಚೆ ಹೊಯ್ಯತೊಡಗಿತು. ಒಂದು ದಿನವಲ್ಲ, ದಿನಾ. ಹೊಡೆದೆ. ಮೂತಿಯನ್ನು ಅದರಲ್ಲೇ ತಿಕ್ಕಿದೆ. ಫಿನೈಲ್ ಸುರಿದು ತೊಳೆದೆ. ಅದು ನನ್ನನ್ನು ಕಂಡರೆ ಮಂಚದ ಕೆಳಗೆ ಸೇರತೊಡಗಿತೇ ಹೊರತು ಉಚ್ಚೆ ನಿಲ್ಲಲಿಲ್ಲ. ಒಂದು ಸಂಜೆ ಮೈದುನನಿಗೆ ಹೇಳಿ ಗೋಣಿಚೀಲದಲ್ಲಿ ಕಟ್ಟಿಸಿದೆ. ಅವನು ಸೈಕಲ್ಲಿನ ಮೇಲೆ ಒಯ್ದು ಊರಾಚೆ ಹೊಲದ ಬದುವಿನಲ್ಲಿ ಬಿಟ್ಟು ಬಂದ. ಚೀಲದೊಳಗಿನಿಂದ ಅದು ಕೂಗಲಿಲ್ಲ. ಅದೇ ನನಗೆ ಇಂದಿಗೂ ನೆನಪು.

ಹಬ್ಬಕ್ಕೆ ಹೋದಾಗ ಆಯಿಗೆ ಹೇಳಿದೆ. ಅವಳು ಬಯ್ಯಲಿಲ್ಲ. “ಹುಚ್ಚಿ, ಅದೇನ ನಿನ್ನ ಮ್ಯಾಲಿನ ಸಿಟ್ಟಿಗೆ ಮಾಡಿತ್ತೇನು? ಒಡಲಾಗ ಏನ ಬ್ಯಾನಿ ಇತ್ತೋ. ಬಾಯಿಲ್ಲದ ಜೀವ, ಹಾಸಿಗಿ ಮ್ಯಾಲೆ ಬಂದು ಹೇಳಿತು. ನಿನಗ ತಿಳೀಲಿಲ್ಲ” ಎಂದಳು.

ಆ ಮಾತು ನಿಜವೆಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಮಗಳ ಮನೆಯ ಬೆಕ್ಕು ಹಾಗೆಯೇ ಮಾಡಿದಾಗ ಅವಳು ಕೋಲು ಹಿಡಿಯಲಿಲ್ಲ, ಪಶುವೈದ್ಯರಲ್ಲಿಗೆ ಒಯ್ದಳು. ಮೂತ್ರಚೀಲ ಬಾತುಕೊಂಡಿತ್ತು. ಗಂಡುಬೆಕ್ಕುಗಳಲ್ಲಿ ಮೂತ್ರನಾಳ ಸಣ್ಣದು. ಅದು ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರುತ್ತದೆ. ಪದೇ ಪದೇ ಕುಳಿತು ತಿಣುಕಿದರೆ, ಹನಿ ಹನಿ ಹೋದರೆ, ಕೂಗಿದರೆ ತಡಮಾಡಬಾರದು. ಜಾಗ ಬದಲಾದ ಕಳವಳದಿಂದಲೂ ಈ ಬೇನೆ ಬರುತ್ತದಂತೆ. ಕೆಂಚನಿಗೆ ಬಂದದ್ದು ಇದೇ ಎಂದು ಹೇಳಲು ಈಗ ಸಾಧ್ಯವಿಲ್ಲ. ಆದರೆ ಇರಬಹುದೇ ಎಂದು ಆಗ ನಾನು ಕೇಳಿಕೊಳ್ಳಲೇ ಇಲ್ಲ.

ಈಗ ಕುಳಿತು ಯೋಚಿಸಿದರೆ, ಕೆಟ್ಟದ್ದು ಬೆಕ್ಕಲ್ಲ, ಬದಲಾದದ್ದು ಮನೆ. ಹಳ್ಳಿಯಲ್ಲಿ ಅದಕ್ಕೆ ಹಿತ್ತಲಿನ ಸಡಿಲ ಮಣ್ಣಿತ್ತು, ಬೂದಿಯ ಗುಂಡಿಯಿತ್ತು. ಹುಬ್ಬಳ್ಳಿಯ ಮನೆಯಲ್ಲಿ ಅಂಗಳಕ್ಕೂ ಸಿಮೆಂಟು. ಕೆದರಲು ಮೆತ್ತಗಿದ್ದದ್ದು ಕೌದಿಯೊಂದೇ. ಹಳ್ಳಿಯ ಪಡಸಾಲೆಯ ಬೇವಿನ ಕಂಬದ ತುಂಬ ಬೆಕ್ಕಿನ ಉಗುರಿನ ಗೀರುಗಳಿದ್ದವು. ಉಗುರಿನ ಹಳೆಯ ಸಿಪ್ಪೆ ಕಳೆಯಲು, ಪಂಜದ ವಾಸನೆ ಬಿಟ್ಟು “ಇದು ನನ್ನ ಜಾಗ” ಎನ್ನಲು ಅದು ಕೆರೆಯಲೇಬೇಕು. ಪೇಟೆಯ ಮನೆಯಲ್ಲಿ ಕಂಬ ಎಲ್ಲಿತ್ತು? ಜಮಖಾನೆ ಇತ್ತು. ಇನ್ನು ರಾತ್ರಿಯ ಕೂಗು. ಮುಸ್ಸಂಜೆ, ನಸುಕು ಬೆಕ್ಕಿಗೆ ಬೇಟೆಯ ಹೊತ್ತು. ಹಗೇವಿಲ್ಲದ, ಇಲಿಯಿಲ್ಲದ ಮನೆಯಲ್ಲಿ ಅದು ಕೆಲಸ ಕಳೆದುಕೊಂಡ ಆಳಿನಂತೆ ತಿರುಗಾಡುತ್ತಿತ್ತು.

ಹೊಡೆದದ್ದರಿಂದ ಏನಾಯಿತು? ತೆನಾಲಿ ರಾಮನ ಕಥೆ ನಿಮಗೆಲ್ಲ ಗೊತ್ತು. ಸುಡುವ ಹಾಲಿಗೆ ಬಾಯಿಟ್ಟ ಅವನ ಬೆಕ್ಕು ಮುಂದೆ ಹಾಲು ಕಂಡರೆ ಓಡುತ್ತಿತ್ತು. ಬೆಕ್ಕು ನೋವಿನಿಂದ ಕಲಿಯುವುದು ಭಯವನ್ನು, ನಡತೆಯನ್ನಲ್ಲ. ಕೆಂಚ ಕಲಿತದ್ದು ನನ್ನ ಭಯವನ್ನು.

ಈಗ ನನ್ನ ಮನೆಯಲ್ಲಿ ಮತ್ತೊಂದು ಬೆಕ್ಕಿದೆ. ಬಂದ ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿಟ್ಟು, ಆ ವಾಸನೆ ರೂಢಿಯಾದ ಮೇಲೆ ಉಳಿದ ಮನೆಗೆ ಬಿಟ್ಟೆ. ಅಗಲವಾದ ಬುಟ್ಟಿಯಲ್ಲಿ ಮರಳು ತುಂಬಿ, ಊಟದ ತಟ್ಟೆಯಿಂದ ದೂರ ಇಟ್ಟು, ದಿನಾ ತೆಗೆಯುತ್ತೇನೆ. ಒಂದು ಬೆಕ್ಕಿಗೆ ಎರಡು ಬುಟ್ಟಿ ಇದ್ದರೆ ಒಳ್ಳೆಯದು. ಫಿನೈಲ್ ಬೆಕ್ಕಿಗೆ ವಿಷ, ಅದನ್ನು ಬಿಟ್ಟಿದ್ದೇನೆ. ಒಂದು ಮರದ ತುಂಡಿಗೆ ಸೆಣಬಿನ ಹಗ್ಗ ಸುತ್ತಿ ಕೆರೆಯಲು ನಿಲ್ಲಿಸಿದ್ದೇನೆ. ಮಲಗುವ ಮುಂಚೆ ದಾರಕ್ಕೆ ಚಿಂದಿ ಕಟ್ಟಿ ಹತ್ತು ನಿಮಿಷ ಆಡಿಸಿ, ಆಮೇಲೆ ಊಟ ಹಾಕಿ, ದಾರವನ್ನು ಅದು ನುಂಗದಂತೆ ಎತ್ತಿಡುತ್ತೇನೆ. ರಾತ್ರಿ ಕೂಗುವುದಿಲ್ಲ. ಗಂಡುಬೆಕ್ಕಾದ್ದರಿಂದ ಸಂತಾನಹರಣ ಮಾಡಿಸಿದೆ. ಗೋಡೆಗೆ ಸಿಡಿಸುವುದು, ಬೀದಿ ಜಗಳ ಎರಡೂ ಇಲ್ಲ.

ಬೆಕ್ಕನ್ನು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂದು ನಮ್ಮ ಹಿರಿಯರು ಹೆದರುತ್ತಿದ್ದರು. ಅದಕ್ಕೇ ಇರಬೇಕು, ಕೊಲ್ಲದೆ ಚೀಲದಲ್ಲಿ ಕಟ್ಟಿ ಬಿಡುವ ಉಪಾಯ ಹುಟ್ಟಿದ್ದು. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಯಿಂದ ನರಳುವಂತೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ನನಗೆ ಅದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಿಡುತ್ತಿದ್ದೆನೋ ಏನೋ, ಅಷ್ಟು ಸಿಟ್ಟಿತ್ತು.

ಆಯಿ ಹೋಗಿ ಬಹಳ ವರ್ಷವಾಯಿತು. ಅವಳ ಕೌದಿ ನನ್ನ ಟ್ರಂಕಿನಲ್ಲಿದೆ, ಮೂಲೆಯ ಕಲೆ ಹಾಗೇ ಇದೆ. ಪ್ರತಿ ವರ್ಷ ಬಿಸಿಲಿಗೆ ಹಾಕುವಾಗ ಆ ಮೂಲೆಯನ್ನು ಒಮ್ಮೆ ಮುಟ್ಟಿ ನೋಡಿ ಮಡಚಿಡುತ್ತೇನೆ.