ಇಪಾನೆಟ್

ಇಪಾನೆಟ್ ಎಂಬುದು ಕುಡಿಯುವ ನೀರಿನ ಕೊಳವೆ ಜಾಲದಲ್ಲಿ ಹರಿವು, ಒತ್ತಡ ಹಾಗೂ ನೀರಿನ ಗುಣಮಟ್ಟವನ್ನು ಲೆಕ್ಕ ಹಾಕುವ ಉಚಿತ ಗಣಕ ತಂತ್ರಾಂಶ. ಅಮೆರಿಕ ಸಂಯುಕ್ತ ಸಂಸ್ಥಾನದ ಪರಿಸರ ಸಂರಕ್ಷಣಾ ಸಂಸ್ಥೆಯು (ಇಪಿಎ) ಇದನ್ನು 1993ರಲ್ಲಿ ಮೊದಲು ಬಿಡುಗಡೆ ಮಾಡಿತು. ಲೂಯಿಸ್ ರಾಸ್‌ಮನ್ ಇದರ ಪ್ರಧಾನ ರಚನಕಾರರು. ಎರಡನೆಯ ಆವೃತ್ತಿ 2000ದಲ್ಲಿಯೂ, 2.2 ಆವೃತ್ತಿ 2020ರಲ್ಲಿಯೂ ಬಂದವು. ತಂತ್ರಾಂಶವು ಸಾರ್ವಜನಿಕ ಸ್ವತ್ತಾಗಿರುವುದರಿಂದ ಹಲವು ವಾಣಿಜ್ಯ ತಂತ್ರಾಂಶಗಳು ಇದರ ಲೆಕ್ಕಾಚಾರದ ಭಾಗವನ್ನು ಬಳಸಿಕೊಂಡಿವೆ.

ಕಾರ್ಯವಿಧಾನ

ಬಳಕೆದಾರರು ಊರಿನ ಜಾಲವನ್ನು ಕೊಳವೆ, ಸಂಧಿ, ಪಂಪು, ವಾಲ್ವ್, ಮೇಲ್ತೊಟ್ಟಿ ಮತ್ತು ಜಲಮೂಲಗಳ ನಕ್ಷೆಯಾಗಿ ರಚಿಸುತ್ತಾರೆ. ಪ್ರತಿ ಸಂಧಿಗೆ ಅದರ ಎತ್ತರ ಹಾಗೂ ಅಲ್ಲಿನ ನೀರಿನ ಬೇಡಿಕೆಯನ್ನು, ಪ್ರತಿ ಕೊಳವೆಗೆ ಉದ್ದ, ವ್ಯಾಸ ಮತ್ತು ಒರಟುತನವನ್ನು ನೀಡಬೇಕು. ಸಂಧಿಗೆ ಬಂದ ನೀರು ಹೋದ ನೀರಿಗೆ ಸಮನಾಗಿರಬೇಕು. ಕೊಳವೆಯ ಘರ್ಷಣೆಯಿಂದಾಗುವ ಒತ್ತಡದ ನಷ್ಟವು ಹೇಜನ್-ವಿಲಿಯಮ್ಸ್‌ನಂತಹ ಸೂತ್ರಕ್ಕೆ ಹೊಂದಬೇಕು. ಈ ಸಮೀಕರಣಗಳನ್ನು ತಂತ್ರಾಂಶವು ಒಟ್ಟಾಗಿ ಬಿಡಿಸುತ್ತದೆ. ಹಳೆಯ ಎರಕದ ಕಬ್ಬಿಣದ ಕೊಳವೆಗಳ ಒಳಮೈ ವರ್ಷಗಳು ಕಳೆದಂತೆ ಒರಟಾಗುವುದರಿಂದ, ಕಾಗದದ ಮೇಲಿನ ಮೌಲ್ಯಗಳನ್ನು ಕ್ಷೇತ್ರದಲ್ಲಿ ಅಳೆದ ಒತ್ತಡದೊಂದಿಗೆ ಸರಿಹೊಂದಿಸದಿದ್ದರೆ ಫಲಿತಾಂಶಕ್ಕೆ ಹೆಚ್ಚಿನ ಬೆಲೆಯಿಲ್ಲ.

ನೀರು ಕೊಳವೆಯಲ್ಲಿ ಎಷ್ಟು ಹೊತ್ತು ನಿಂತಿತ್ತು, ಯಾವ ಮೂಲದಿಂದ ಬಂದಿತು, ನಲ್ಲಿಗೆ ಬರುವಾಗ ಕ್ಲೋರಿನ್ ಎಷ್ಟು ಉಳಿದಿದೆ ಎಂಬುದನ್ನೂ ಇದು ತಿಳಿಸುತ್ತದೆ. ಕ್ಲೋರಿನ್ ನೀರಿನಲ್ಲಿಯೂ ಕೊಳವೆಯ ಗೋಡೆಯ ಸಂಪರ್ಕದಲ್ಲಿಯೂ ಕ್ಷೀಣಿಸುತ್ತದೆ. ಭಾರತೀಯ ಮಾನಕ ಐಎಸ್ 10500 ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆನ್ನುತ್ತದೆ. ಜಾಲದ ತುದಿಯ ಬಡಾವಣೆಗಳಲ್ಲಿ ಈ ಮಟ್ಟ ಉಳಿಯುವುದೇ ಎಂಬುದನ್ನು ಮುಂಚಿತವಾಗಿ ಪರೀಕ್ಷಿಸಬಹುದು.

ಆರೋಗ್ಯ ತನಿಖೆಯಲ್ಲಿ ಬಳಕೆ

ನ್ಯೂಜೆರ್ಸಿಯ ಡೋವರ್ ಟೌನ್‌ಶಿಪ್‌ನಲ್ಲಿ ಮಕ್ಕಳ ಕ್ಯಾನ್ಸರ್ ಪ್ರಮಾಣ ಹೆಚ್ಚಿದ್ದುದು ಕಂಡುಬಂದಾಗ, ಯಾವ ಮನೆಗೆ ಯಾವ ಕೊಳವೆಬಾವಿಯ ನೀರು ತಲುಪುತ್ತಿತ್ತು ಎಂಬ ಪ್ರಶ್ನೆ ಎದ್ದಿತು. ಹಳೆಯ ನೀರಿನ ಮಾದರಿಗಳು ಇದಕ್ಕೆ ಸಾಲುತ್ತಿರಲಿಲ್ಲ. ತನಿಖಾಧಿಕಾರಿಗಳು ಇಪಾನೆಟ್ ಬಳಸಿ 1962ರಿಂದ 1996ರವರೆಗಿನ ಸರಬರಾಜನ್ನು ತಿಂಗಳು ತಿಂಗಳಾಗಿ ಪುನಾರಚಿಸಿದರು. ಗರ್ಭಾವಸ್ಥೆಯಲ್ಲಿ ತಾಯಂದಿರು ಕಲುಷಿತ ಬಾವಿ ಸಮೂಹವೊಂದರ ನೀರನ್ನು ಬಳಸಿದ್ದಕ್ಕೂ ಹೆಣ್ಣುಮಕ್ಕಳಲ್ಲಿ ರಕ್ತದ ಕ್ಯಾನ್ಸರಿಗೂ ಸಂಬಂಧವಿರುವುದನ್ನು ಇದನ್ನು ಆಧರಿಸಿದ ಅಧ್ಯಯನ ಗುರುತಿಸಿತು. ಸಂಬಂಧ ಕಂಡುಬಂದಿತೆಂದ ಮಾತ್ರಕ್ಕೆ ಕಾರಣ ಸಾಬೀತಾದಂತಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಮಿತಿಗಳು

ಮೂಲ ವಿನ್ಯಾಸದಲ್ಲಿ ಎರಡು ಊಹೆಗಳಿವೆ: ಕೊಳವೆಗಳು ಸದಾ ತುಂಬಿರುತ್ತವೆ ಮತ್ತು ಕೇಳಿದಷ್ಟು ನೀರು ಗ್ರಾಹಕರಿಗೆ ಸಿಕ್ಕೇ ಸಿಗುತ್ತದೆ. ಆದ್ದರಿಂದ ನೀರು ಸಾಲದ ಜಾಲಕ್ಕೂ ತಂತ್ರಾಂಶವು ಬೇಡಿಕೆಯನ್ನು ಪೂರ್ಣವಾಗಿ ಪೂರೈಸಿದಂತೆ ತೋರಿಸಿ, ವಾಸ್ತವದಲ್ಲಿ ಸಾಧ್ಯವಿಲ್ಲದಂತಹ ಋಣ ಒತ್ತಡವನ್ನು ಎಚ್ಚರಿಕೆಯೊಂದಿಗೆ ವರದಿ ಮಾಡುತ್ತಿತ್ತು. ಒತ್ತಡ ಕುಗ್ಗಿದಂತೆ ಪೂರೈಕೆಯೂ ಕುಗ್ಗುವ ಲೆಕ್ಕವನ್ನು 2.2 ಆವೃತ್ತಿಯಲ್ಲಿ ಸೇರಿಸಲಾಯಿತು.

ಆದರೂ ಖಾಲಿ ಕೊಳವೆ ತುಂಬುವ ಹಂತವನ್ನು ಇದು ನಿರೂಪಿಸುವುದಿಲ್ಲ. ಭಾರತದ ಅನೇಕ ನಗರಗಳಲ್ಲಿ ನೀರು ದಿನಕ್ಕೆ ಕೆಲವು ಗಂಟೆ ಅಥವಾ ಕೆಲವು ದಿನಗಳಿಗೊಮ್ಮೆ ಬರುತ್ತದೆ. ಬಂದಾಗ ಎಲ್ಲರೂ ಒಮ್ಮೆಲೇ ಸಂಪು ತುಂಬಿಸಿಕೊಳ್ಳುತ್ತಾರೆ. ಇಂತಹ ಕಡೆ ಬೇಡಿಕೆಯನ್ನು ನಿರ್ಧರಿಸುವುದು ಮನೆಯ ಬಳಕೆಗಿಂತ ಹೆಚ್ಚಾಗಿ ಒತ್ತಡ ಮತ್ತು ಸರಬರಾಜಿನ ಅವಧಿ. ಕೆಲವು ಸಂಶೋಧಕರು ಈ ಕಾರಣಕ್ಕೆ ಮಳೆನೀರಿನ ಚರಂಡಿಗಳಿಗಾಗಿ ಇಪಿಎ ರೂಪಿಸಿದ ಎಸ್‌ಡಬ್ಲ್ಯುಎಂಎಂ ತಂತ್ರಾಂಶವನ್ನು ಬಳಸಿದ್ದಾರೆ. ನೀರು ನಿಂತ ಅವಧಿಯಲ್ಲಿ ಒಡೆದ ಕೊಳವೆಗಳೊಳಗೆ ಕೊಳಚೆ ಸೇರುವ ಅಪಾಯವೂ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ನಿರಂತರ ಹಾಗೂ ಬಿಟ್ಟುಬಿಟ್ಟು ಬರುವ ನೀರನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು ಎರಡನೆಯ ಬಗೆಯ ವಾರ್ಡುಗಳಲ್ಲಿ ಮಾಲಿನ್ಯಸೂಚಕ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಕಾಣಿಸಿಕೊಂಡಿದ್ದನ್ನು ದಾಖಲಿಸಿತು.

ಸಂಬಂಧಿತ ತಂತ್ರಾಂಶಗಳು

ಇಪಾನೆಟ್ ಕೊಟ್ಟ ಜಾಲವನ್ನು ವಿಶ್ಲೇಷಿಸುತ್ತದೆಯೇ ಹೊರತು, ಅತಿ ಕಡಿಮೆ ವೆಚ್ಚದ ಕೊಳವೆ ಗಾತ್ರವನ್ನು ತಾನಾಗಿ ಆರಿಸುವುದಿಲ್ಲ. ಗ್ರಾಮೀಣ ಯೋಜನೆಗಳಿಗಾಗಿ ಆ ಕೆಲಸವನ್ನು ಐಐಟಿ ಬಾಂಬೆಯ ಜಲತಂತ್ರ ಮಾಡುತ್ತದೆ. ಭೂಕಂಪದಂತಹ ವಿಪತ್ತುಗಳಲ್ಲಿ ಜಾಲದ ತಾಳಿಕೆಯನ್ನು ಅಧ್ಯಯನ ಮಾಡಲು ಇಪಿಎ ಮತ್ತು ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯಗಳು ರೂಪಿಸಿದ ಪೈಥಾನ್ ಆಧಾರಿತ ಡಬ್ಲ್ಯುಎನ್‌ಟಿಆರ್ ಲಭ್ಯವಿದೆ.