ನಮ್ಮ ಪೂರ್ವಿಕರು ಮಾರಿದ್ದೇನು, ಕೊಂಡದ್ದೇನು?

ಧರ್ಮಕೇಂದ್ರದ ಚರಿತ್ರೆಯೆಂದರೆ ಗುರುಗಳ ನಾಮಾವಳಿ, ಶಿಲಾನ್ಯಾಸದ ತಾರೀಕು, ಗಂಟೆಗೋಪುರಗಳ ವಿವರ ಎಂದು ಭಾವಿಸುವುದು ವಾಡಿಕೆ. ಅವೆಲ್ಲ ಈ ಸಂಚಿಕೆಯ ಬೇರೆ ಪುಟಗಳಿಗೆ ಸೇರಿದವು. ಆದರೆ ನೂರು ವರ್ಷಗಳ ಹಿಂದೆ ಈ ಇಗರ್ಜಿಯ ಗೋಡೆಗಳನ್ನೆತ್ತಿದ ಜನರು ಏನನ್ನು ಬೆಳೆದು ಮಾರಿದರು, ಏನನ್ನು ಕೊಂಡು ಮನೆಗೆ ತಂದರು ಎಂಬುದನ್ನು ತಿಳಿಯದೆ ಅವರ ಕಾಣಿಕೆಯ ಬೆಲೆಯನ್ನು ಅರಿಯಲಾಗದು. ಆದುದರಿಂದ ಆಂಗ್ಲರ ಕಾಲದ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳ ಕ್ರಯವಿಕ್ರಯಗಳನ್ನು ಸಂಕ್ಷೇಪವಾಗಿ ಸ್ಮರಿಸಲು ಬಯಸುತ್ತೇವೆ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಕೆನರಾ ಪ್ರಾಂತವು ಕಂಪೆನಿ ಸರಕಾರದ ವಶವಾಯಿತು. 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟಿದ್ದ ಕ್ರೈಸ್ತರಲ್ಲಿ ಬದುಕುಳಿದವರು ಆಗ ಹಿಂದಿರುಗಿದರು. ಅವರಲ್ಲಿ ಅನೇಕರು ಪರರ ಭೂಮಿಯಲ್ಲಿ ಗೇಣಿ ಒಕ್ಕಲುಗಳಾಗಿ ಬಾಳನ್ನು ಮತ್ತೆ ಆರಂಭಿಸಬೇಕಾಯಿತು. ಸರಕಾರದ ತೀರ್ವೆ ನಾಣ್ಯದಲ್ಲಿ, ಧಣಿಗಳ ಗೇಣಿ ಬಹುಮಟ್ಟಿಗೆ ಅಕ್ಕಿಯಲ್ಲಿ ಸಲ್ಲಬೇಕಿತ್ತು. ಹೀಗೆ ಹಳ್ಳಿಯಿಂದ ಹೊರಗೆ ಹೋದ ಧಾನ್ಯವೆಲ್ಲ ಉಂಡು ಮಿಕ್ಕಿದ ಧಾನ್ಯವಾಗಿರಲಿಲ್ಲ. ಈ ಮಾತು ಮುಖ್ಯ. ಕೊಡಗಿನ ಅರಸರ ಕಾಲದಲ್ಲಿ ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ಅಮರಸುಳ್ಯದ ರೈತರು, 1834ರಲ್ಲಿ ಕೊಡಗು ಆಂಗ್ಲರ ಪಾಲಾಗಿ ತಮ್ಮ ಸೀಮೆ ಕೆನರಾಕ್ಕೆ ಸೇರಿದೊಡನೆ ರೊಕ್ಕವನ್ನೇ ತೆರಬೇಕಾಯಿತು. ರೊಕ್ಕಕ್ಕಾಗಿ ಬೆಳೆಯನ್ನು ವರ್ತಕರು ಹೇಳಿದ ಬೆಲೆಗೆ ಮಾರಬೇಕಾಯಿತು. 1837ರ ದಂಗೆಗೆ ಇದು ಒಂದು ಪ್ರಬಲ ಕಾರಣ. ದಂಗೆಯೆದ್ದವರು ಮಂಗಳೂರಿನವರೆಗೂ ನುಗ್ಗಿ ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜವನ್ನೇರಿಸಿದರು.

ಮಾರಾಟದ ಸರಕುಗಳಲ್ಲಿ ಅಕ್ಕಿಗೆ ಅಗ್ರಸ್ಥಾನ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳು ಮೂರು ತರ. ಒಳ್ಳೆಯ ಬೈಲುಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ. ಮಳೆಯನ್ನೇ ನಂಬಿದ ಬೆಟ್ಟುಗದ್ದೆಯಲ್ಲಿ ಒಂದೇ ಬೆಳೆ. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು ಮುಡಿ ಕಟ್ಟುತ್ತಿದ್ದರು. 14 ಸೇರಿಗೆ 1 ಕಳಸೆ. 3 ಕಳಸೆಗೆ 1 ಮುಡಿ, ಎಂದರೆ 42 ಸೇರು. ಆದರೆ ಈ ಲೆಕ್ಕ ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಸೇರಿನ ಗಾತ್ರ ಊರಿಂದೂರಿಗೆ ಬದಲಾಗುತ್ತಿತ್ತು. ಅಳೆದುಕೊಡುವವನು ಬಡವನೂ ಅಳೆಸಿಕೊಳ್ಳುವವನು ಬಲ್ಲಿದನೂ ಆದಾಗ ಈ ವ್ಯತ್ಯಾಸದ ಲಾಭ ಯಾವ ಕಡೆಗೆ ಸಲ್ಲುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಅಳತೆಯನ್ನು ಕಿರಿದುಮಾಡಿ ಬಡವರನ್ನು ವಂಚಿಸುವವರನ್ನು ಪ್ರವಾದಿ ಆಮೋಸನು ಖಂಡಿಸಿದ್ದನ್ನು ನಾವು ಇಲ್ಲಿ ನೆನೆಯಬೇಕು.

ಮುಡಿಗಳು ತಲೆಹೊರೆಯಲ್ಲಿಯೂ ಗಾಡಿಯಲ್ಲಿಯೂ ಹೊಳೆಯ ದಡ ಸೇರಿ, ಅಲ್ಲಿಂದ ದೋಣಿಯೇರಿ ಮಂಗಳೂರಿನ ಬಂದರಿಗೆ ಸಾಗುತ್ತಿದ್ದವು. ನೇತ್ರಾವತಿಯ ದಡದ ಬಂಟ್ವಾಳವು ಹೀಗೆಯೇ ದೊಡ್ಡ ವ್ಯಾಪಾರಸ್ಥಳವಾಗಿ ಬೆಳೆದಿತ್ತು. ಅದೇ ನದಿ 1923ರ ಮಹಾನೆರೆಯಲ್ಲಿ ಆ ಪೇಟೆಯನ್ನು ಹಾಳುಗೆಡವಿತು. 1907ರಲ್ಲಿ ರೈಲುಮಾರ್ಗ ಮಂಗಳೂರನ್ನು ತಲುಪಿತಾದರೂ ಒಳನಾಡಿನ ರೈತನಿಗೆ ಹೊಳೆಯೇ ಹೆದ್ದಾರಿಯಾಗಿ ಉಳಿಯಿತು.

ತೋಟದ ಉತ್ಪನ್ನಗಳಲ್ಲಿ ಅಡಿಕೆ, ತೆಂಗು, ಕಾಳುಮೆಣಸು, ವೀಳ್ಯದೆಲೆ ಪ್ರಮುಖವಾದವು. ಪೋರ್ಚುಗೀಸರು ನಮ್ಮ ಕರಾವಳಿಗೆ ತಂದ ಗೇರು ಬಹುಕಾಲ ಗುಡ್ಡದ ಮರವಾಗಿಯೇ ಇದ್ದು, 1920ರ ದಶಕದಿಂದೀಚೆಗೆ ಕಾರ್ಖಾನೆಗಳಿಗೆ ಬೇಕಾದ ಸರಕಾಯಿತು. ಅಡಿಕೆ, ತೆಂಗುಗಳ ಹಣ ಗಂಡಸರ ಕೈಯಲ್ಲಿ ತೀರ್ವೆಗೂ ಸಾಲಕ್ಕೂ ಸಂದುಹೋಗುತ್ತಿತ್ತು. ಮನೆಯ ದಿನವಹಿಯನ್ನು ನಡೆಸಿದ್ದು ಹಿತ್ತಿಲು. ಬಸಳೆ, ಹರಿವೆ, ಸೌತೆ, ಬಾಳೆಗೊನೆ, ಕೋಳಿಮೊಟ್ಟೆ ಮುಂತಾದವನ್ನು ಬುಟ್ಟಿಯಲ್ಲಿಟ್ಟು ಪೇಟೆಗೆ ಹೊತ್ತವರು ನಮ್ಮ ಅಜ್ಜಿಯಂದಿರು. ಉಡುಪಿ ಸಮೀಪದ ಶಂಕರಪುರದ ಮಲ್ಲಿಗೆಯನ್ನೇ ನೋಡಿರಿ. ಅಲ್ಲಿನ ಅನೇಕ ಕ್ರೈಸ್ತ ಮನೆಗಳ ಅಂಗಳದಲ್ಲಿ ಅರಳುವ ಹೂವು, ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರಾಟವಾಗಿ ದೇವಸ್ಥಾನಗಳಿಗೂ ಮದುವೆಯ ಚಪ್ಪರಗಳಿಗೂ ಸಲ್ಲುತ್ತದೆ. ಮತಗಳ ನಡುವಣ ಸೌಹಾರ್ದವನ್ನು ಭಾಷಣಗಳಿಗಿಂತ ಮೊದಲೇ ಇಂತಹ ಹೂಗಾಯಿಗಳ ವ್ಯಾಪಾರ ಬೆಳೆಸಿತೆಂಬುದು ನಮ್ಮ ನಂಬಿಕೆ.

ಇನ್ನು ಕೊಂಡ ವಸ್ತುಗಳು. ಅವು ಸ್ವಲ್ಪವೇ. ಮಡಕೆ ಕುಂಬಾರನಿಂದ, ಕತ್ತಿ ಕಮ್ಮಾರನಿಂದ, ಕಂಚಿನ ಪಾತ್ರೆ ಅನುಕೂಲವಿದ್ದವರಿಗೆ ಕಾರ್ಕಳದಿಂದ. ಬೆಸ್ತರ ಹೆಂಗಸರು ತಲೆಯಮೇಲೆ ತಂದ ಒಣಮೀನಿಗೆ ಎಷ್ಟೋ ಮನೆಗಳಲ್ಲಿ ಅಕ್ಕಿಯೇ ಬೆಲೆ. ಕಾಡುಬಳ್ಳಿಯಿಂದ ಬುಟ್ಟಿ ಹೆಣೆದು ಕೊಟ್ಟ ಕೊರಗರಿಗೂ ಸಿಕ್ಕುತ್ತಿದ್ದುದು ಹಿಡಿಯಕ್ಕಿ ಅಥವಾ ಮಿಕ್ಕ ಅನ್ನ. ಅವರ ಬುಟ್ಟಿಯಿಲ್ಲದೆ ಗದ್ದೆಗೆ ಗೊಬ್ಬರವಾಗಲಿ ಕಣಕ್ಕೆ ಕಾಳಾಗಲಿ ಬರುತ್ತಿರಲಿಲ್ಲ. ಆದರೂ ಅವರನ್ನು ಅಂಗಳದಾಚೆಯೇ ನಿಲ್ಲಿಸಿದರು. ಈ ಪಾಪದಲ್ಲಿ ಕ್ರೈಸ್ತ ಮನೆಗಳಿಗೆ ಪಾಲಿರಲಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ರೊಕ್ಕ ಕೊಟ್ಟೇ ತರಬೇಕಾದವು ಉಪ್ಪು, ಬಟ್ಟೆ, ಸೀಮೆಎಣ್ಣೆ. ಕಡಲು ಕಣ್ಣೆದುರಿಗಿದ್ದರೂ ಉಪ್ಪು 19ನೆಯ ಶತಮಾನದ ಆದಿಯಿಂದಲೇ ಸರಕಾರದ ಹಿಡಿತಕ್ಕೆ ಒಳಪಟ್ಟಿತ್ತು. 1930ರಲ್ಲಿ ನೆರೆಯ ಉತ್ತರ ಕನ್ನಡದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಅದರ ಅರ್ಥ ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ನೇಯ್ಗೆಯ ಉದ್ಯಮವನ್ನೂ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟರ ನೇತೃತ್ವದಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಕ್ಯಾಥೋಲಿಕ ಉದ್ಯಮಿಗಳೂ ಬೇಗನೆ ಈ ಕಸುಬಿಗಿಳಿದರು. ಮುಳಿಹುಲ್ಲಿನ ಮಾಡನ್ನು ಕಾಲಕಾಲಕ್ಕೆ ಹೊಚ್ಚಬೇಕು, ಬೆಂಕಿಗೆ ಅಂಜಬೇಕು. ಹೆಂಚಿಗೆ ಆ ಭಯವಿಲ್ಲ. ಮದ್ದಿನ ಮಾತಿಗೆ ಬಂದರೆ, ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ತೆರೆದ ಹೋಮಿಯೋಪತಿ ಔಷಧಾಲಯದ ಸಿಹಿಗುಳಿಗೆಗಳನ್ನು ಹೇಳದೆ ಈ ಪಟ್ಟಿ ಪೂರ್ಣವಾಗದು.

ಬೇಡಿಕೆಯ ಹಣ ಕೈಗೆ ಬಾರದಿದ್ದಾಗ ಸಾಲವೇ ಗತಿ. ಮಳೆಗಾಲದಲ್ಲಿ ಪಡೆದ ಸಾಲ ಕೊಯ್ಲಿನ ಮುಡಿಗಳನ್ನು ಮೊದಲೇ ನುಂಗುತ್ತಿತ್ತು. ಈ ಕಷ್ಟಕ್ಕೆ ಪರಿಹಾರವಾಗಿ ಸಹಕಾರ ಚಳವಳಿ ಹುಟ್ಟಿತು. ಪುತ್ತೂರಿನ ಮೊಳಹಳ್ಳಿ ಶಿವರಾಯರು ಜಿಲ್ಲೆಯಲ್ಲಿ ಅದಕ್ಕೆ ತಳಹದಿ ಹಾಕಿದರು, 1912ರಲ್ಲಿ ಪಿ. ಎಫ್. ಎಕ್ಸ್. ಸಲ್ಡಾನ್ಹರ ಮುಂದಾಳುತನದಲ್ಲಿ ಮಂಗಳೂರು ಕ್ಯಾಥೋಲಿಕ್ ಸಹಕಾರಿ ಬ್ಯಾಂಕು ಆರಂಭವಾಯಿತು. 1929ರ ಅನಂತರ ಲೋಕವ್ಯಾಪಿಯಾದ ಮುಗ್ಗಟ್ಟಿನಲ್ಲಿ ಧಾನ್ಯದ ಬೆಲೆ ಕುಸಿಯಿತು. ತೀರ್ವೆ ಮಾತ್ರ ಬೆಲೆಯೊಡನೆ ಇಳಿಯಲಿಲ್ಲ. 1942ರಲ್ಲಿ ಬರ್ಮಾ ಜಪಾನಿಗೆ ವಶವಾಗಿ ಅಲ್ಲಿನ ಅಕ್ಕಿ ನಿಂತಾಗ ಬೆಲೆ ಏರಿತು. ಆಗ ಅನ್ನಕ್ಕೇ ಬರ.

ಇಂತಹ ದಿನಗಳಲ್ಲಿ ಇಗರ್ಜಿಗಳು ಕಟ್ಟಲ್ಪಟ್ಟವು. ಪ್ರತಿದಿನ ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ತಾಯಂದಿರು ತೆಗೆದಿಟ್ಟ ಹಿಡಿಯಕ್ಕಿ, ಹಬ್ಬದ ಏಲಂಗೆ ಬಂದ ತೆಂಗಿನಕಾಯಿ, ಬಾಳೆಗೊನೆ, ಕುಂಬಳ ಇವು ಕಲ್ಲು, ಸುಣ್ಣ, ಹೆಂಚುಗಳಾದವು. ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬದಂದು ಆಶೀರ್ವದಿತ ತೆನೆಯನ್ನು ಮನೆಗೊಯ್ದು ಹೊಸ ಅಕ್ಕಿಯ ಊಟಮಾಡುವ ನಾವು, ಆ ಬೆಳೆಯ ಬಹುಪಾಲು ಒಂದು ಕಾಲದಲ್ಲಿ ಬೆಳೆದವನ ಕಣಜ ಸೇರುತ್ತಿರಲಿಲ್ಲವೆಂಬುದನ್ನು ಮರೆಯಬಾರದು. ಧಣಿಗಳಲ್ಲಿ ನಮ್ಮವರೂ ಇದ್ದರು, ಇಗರ್ಜಿಗಳಿಗೂ ಗೇಣಿಭೂಮಿಯಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಶಾಸನವು ಉಳುವವನಿಗೆ ಹೊಲದ ಒಡೆತನವನ್ನು ಒದಗಿಸಿದಾಗ ಕೆಲವರು ಕಳೆದುಕೊಂಡರು, ಬಹುಮಂದಿ ತಲೆಯೆತ್ತಿದರು. ಇಂದು ಈ ಶತಮಾನೋತ್ಸವದ ಚಪ್ಪರದಡಿ ಅವರಿಬ್ಬರ ಮಕ್ಕಳೂ ಒಂದೇ ಪೀಠದ ಮುಂದೆ ಮೊಣಕಾಲೂರುತ್ತಾರೆ.

ಮುಡಿ ಕಟ್ಟಬಲ್ಲವರು ಈಗ ವಿರಳ. ಸೇರು, ಕಳಸೆಗಳು ಅಟ್ಟ ಸೇರಿವೆ. ಅಂತಹ ಒಂದು ಸೇರು ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದನ್ನು ಗುಜರಿಗೆ ಹಾಕದಿರಿ, ಮಕ್ಕಳಿಗೆ ತೋರಿಸಿರಿ ಎಂದು ನಮ್ಮ ವಿನಂತಿ. ಹಿರಿಯರು ತಮ್ಮ ಅಗತ್ಯದಿಂದಲೇ ಹಿಡಿ ತೆಗೆದು ದೇವರಿಗೆ ಕೊಟ್ಟರು. ಮಿಕ್ಕದ್ದರಿಂದ ಕೊಡುವ ನಾವು ಕೈಬಿಚ್ಚಿ ಕೊಡುವಂತಾಗಲಿ. ಕೂಲಿಯವನಿಗೂ ಬುಟ್ಟಿ ಹೆಣೆಯುವವನಿಗೂ ನ್ಯಾಯವಾದ ಅಳತೆಯಲ್ಲಿ ಅಳೆಯುವಂತಾಗಲಿ. ಪ್ರಭು ನಮ್ಮೆಲ್ಲರನ್ನೂ ಹರಸಲಿ.